ಫಾರ್ಮ್ ಕೇಳದ ಮೂರು ನಿಮಿಷ

ಚಪ್ಪಲಿ ಹೊರಗೇ ಬಿಡಿ. ಫರಸಿಯನ್ನು ಈಗಷ್ಟೇ ಒರೆಸಿದ್ದಾರೆ, ಇನ್ನೂ ಹಸಿಯಾಗಿದೆ. ಒಳಗೆ ಬಂದರೆ ಎಡಗಡೆ ಝರಾಕ್ಸ್ ಯಂತ್ರ, ಬಲಗಡೆ ಕಂಪ್ಯೂಟರ್, ನಡುವೆ ಒಂದು ಬೆಂಚು. ಬೆಂಚಿನ ಮೇಲೆ ಈಗಾಗಲೇ ಮೂವರಿದ್ದಾರೆ. ಸ್ವಲ್ಪ ಸರಿಯಿರಿ ಅಂದರೆ ಸರಿಯುತ್ತಾರೆ. ಒಬ್ಬರು ಪಹಣಿ ತೆಗೆಸಲು ಬಂದವರು. ಇನ್ನೊಬ್ಬರ ಕೈಯಲ್ಲಿ ಬ್ಯಾಂಕ್ ಪಾಸ್‌ಬುಕ್. ಖರೀದಿ ಕೇಂದ್ರದಲ್ಲಿ ತೊಗರಿ ನೋಂದಣಿಗೆ ಫ್ರೂಟ್ಸ್ ಐಡಿ ಬೇಕಂತೆ, ಅದು ಸಿಗುತ್ತಿಲ್ಲ. ಮೂರನೆಯವರಿಗೆ ಕೆಲಸವೇನೂ ಇಲ್ಲ, ಫ್ಯಾನಿನ ಗಾಳಿಗೆ ಬಂದು ಕೂತಿದ್ದಾರೆ. ಜನವರಿ ಕೊನೆಯಾದರೂ ಕೋಡ್ಲಾದಲ್ಲಿ ಸೆಕೆ ಆಗಲೇ ತಲೆ ಹಾಕಿದೆ.

2025ರ ಜನವರಿ 31, ಶುಕ್ರವಾರ, ಸಂಜೆ ಆರೂವರೆ. ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತಿರುವ ಹುಡುಗಿ ಬಿಎ ಕೊನೆಯ ವರ್ಷದವಳು. ಅವಳ ಮುಂದಿರುವುದು ಸಿಯುಇಟಿ-ಪಿಜಿ ಅರ್ಜಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಎಂಎ, ಎಂಎಸ್ಸಿ ಓದಬೇಕೆನ್ನುವವರು ಬರೆಯಬೇಕಾದ ಪರೀಕ್ಷೆ ಅದು, 2022ರಿಂದ ನಡೆಯುತ್ತಿದೆ. ಅರ್ಜಿ ಶುರುವಾದದ್ದು ಜನವರಿ 2ಕ್ಕೆ, ಕೊನೆಯ ದಿನ ನಾಳೆ. ಗಡುವನ್ನು ಆಮೇಲೆ ಫೆಬ್ರುವರಿ 8ರವರೆಗೆ ವಿಸ್ತರಿಸಿದರು. ಆದರೆ ಈ ಸಂಜೆ ಈ ಬೆಂಚಿನ ಮೇಲೆ ಕೂತವರಿಗೆ ಅದು ಗೊತ್ತಾಗುವುದಾದರೂ ಹೇಗೆ?

"ಓಟಿಪಿ ಬಂತೇನು ತಂಗಿ?"

"ಇನ್ನಾ ಬಂದಿಲ್ರಿ ಕಾಕಾ. ಅಪ್ಪನ ಫೋನಿಗಿ ಹೋಗ್ಯಾದ."

"ಅಪ್ಪ ಎಲ್ಲಿದ್ದಾರ?"

"ಹೊಲದಾಗ. ರಾಶಿ ಮಾಡ್ಲಕತ್ತಾರ."

ಕಾಕಾ ಅಂದರೆ ಸಂಬಂಧದ ಕಾಕಾ ಅಲ್ಲ, ಅಂಗಡಿಯ ಮಾಲೀಕ. ಊರಿನ ಅರ್ಧ ಮಕ್ಕಳಿಗೆ ಇವರು ಕಾಕಾ. ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಹಿಡಿದು ವಿಧವಾ ವೇತನದ ಅರ್ಜಿಯವರೆಗೆ ಎಲ್ಲವೂ ಇವರ ಕೀಬೋರ್ಡಿನಿಂದಲೇ ಸರಕಾರಕ್ಕೆ ಹೋಗುತ್ತದೆ. ಹುಡುಗಿ ಅಪ್ಪನಿಗೆ ಫೋನ್ ಹಚ್ಚುತ್ತಾಳೆ. ಆ ಕಡೆಯಿಂದ ರಾಶಿ ಯಂತ್ರದ ಸದ್ದು. "ಆರು ಅಂಕಿ ಬಂದಾವ ನೋಡಪ್ಪಾ, ಹಂಗೇ ಹೇಳು." ಅಪ್ಪ ಹೇಳುತ್ತಾರೆ, ಯಂತ್ರದ ಸದ್ದಿನಲ್ಲಿ ಏಳು ಎಂಟಾಗಿ ಕೇಳುತ್ತದೆ, ಅಷ್ಟರೊಳಗೆ ವೇಳೆ ಮುಗಿಯುತ್ತದೆ. ಮತ್ತೆ ಕಳಿಸು ಅನ್ನುವ ಗುಂಡಿ ಒತ್ತುತ್ತಾರೆ. ಈ ಸಲ ಅಪ್ಪ ಯಂತ್ರ ನಿಲ್ಲಿಸಿದ್ದಾರೆ. ಅಂಕಿಗಳು ಒಂದೊಂದಾಗಿ ಸ್ಪಷ್ಟವಾಗಿ ಬರುತ್ತವೆ.

ಹೆಸರಿನ ಅಂಕಣದಲ್ಲಿ ಇನ್ನೊಂದು ಗಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ 'ಡಿ', ಆಧಾರ್‌ನಲ್ಲಿ ಎರಡು. ಇದು ನಮ್ಮ ಕಡೆ ಮನೆಮನೆಯ ಕಥೆ. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಒಂದು ರೀತಿ ಬರೆದಿರುತ್ತಾರೆ, ಆಧಾರ್ ಮಾಡಿದವರು ಇನ್ನೊಂದು ರೀತಿ. ಕಾಕಾ ಅಂಕಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. "ಮಾರ್ಕ್ಸ್ ಕಾರ್ಡಿನಾಗ ಹ್ಯಾಂಗದೋ ಹಂಗೇ ಹಾಕೋಣ. ಮುಂದ ಅಡ್ಮಿಷನ್‌ದಾಗ ಕೇಳಿದ್ರ ಅಫಿಡವಿಟ್ ಕೊಡು."

ಇನ್ನು ಫೋಟೊ. ನಿಯಮ ಓದಿದರೆ ನಗು ಬರುತ್ತದೆ: ಬಿಳಿ ಹಿನ್ನೆಲೆ, ಚಿತ್ರದ ಎಂಬತ್ತು ಭಾಗ ಮುಖ, ಎರಡೂ ಕಿವಿ ಕಾಣಬೇಕು. ಝರಾಕ್ಸ್ ಯಂತ್ರದ ಹಿಂದಿನ ಗೋಡೆಗೆ ಹಳೆಯ ಬಿಳಿ ಧೋತರವೊಂದು ಮೊಳೆಗೆ ನೇತಾಡುತ್ತಿದೆ, ಇದೇ ಕೆಲಸಕ್ಕೆ. ಹುಡುಗಿ ಹೋಗಿ ನಿಲ್ಲುತ್ತಾಳೆ. "ಕೂದ್ಲಾ ಹಿಂದ ಸರಸವ್ವಾ, ಕಿವಿ ಕಾಣಬೇಕಂತ." ಫ್ಯಾನಿನ ಗಾಳಿಗೆ ಬಂದವರು ಇದನ್ನು ನೋಡಿ, "ಕಿವಿ ನೋಡಿ ಸೀಟ್ ಕೊಡ್ತಾರೇನೋ," ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಗುಮುಖದ ಚಿತ್ರ ಬಂದದ್ದಕ್ಕೆ ಕಾಕಾ ಇನ್ನೊಂದು ತೆಗೆಯುತ್ತಾರೆ.

ಕಾಕಾ ಫೋಟೊವನ್ನು ಕೆಬಿ ಲೆಕ್ಕಕ್ಕೆ ಇಳಿಸುವಷ್ಟರಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹುಡುಗಿ ಮನೆಯಲ್ಲಿ ಹೇಳಿರುವುದು, "ನಾ ಡಿಜಿಟಲ್ ಮೀಡಿಯಾ ಓದ್ತೀನಿ" ಅಂತ. ಆ ಹೆಸರಿನ ಹಲಗೆ ಹಾಕಿಕೊಂಡ ಕೋರ್ಸುಗಳು ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿವೆ, ಶುಲ್ಕ ಲಕ್ಷಗಳಲ್ಲಿ. ದೆಹಲಿಯ ಐಐಎಂಸಿಯಲ್ಲಿ ಡಿಜಿಟಲ್ ಮೀಡಿಯಾ ಪಿಜಿ ಡಿಪ್ಲೊಮಾ ಇದೆ. 1965ರ ಆ ಸಂಸ್ಥೆಗೆ 2024ರ ಜನವರಿಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವೂ ಸಿಕ್ಕಿದೆ. ಆದರೆ ಸೇಡಂ ತಾಲೂಕಿನ ಒಣಬೇಸಾಯದ ಮನೆಗೆ ಕೈಗೆಟುಕುವ ಬಾಗಿಲುಗಳು ಬೇರೆ. ಒಂದು, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ. ಎರಡು, ಕಲಬುರಗಿಯಲ್ಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯ. ಮೂರು, ಹೈದರಾಬಾದ್ ವಿಶ್ವವಿದ್ಯಾಲಯ. ಈ ಮೂರನೆಯದನ್ನು ದೂರ ಅಂದುಕೊಳ್ಳಬೇಡಿ. ಸೇಡಂನಲ್ಲಿ ರೈಲು ಹತ್ತಿ ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿಯಲ್ಲಿ ಇಳಿದರೆ ಕ್ಯಾಂಪಸ್ ಹತ್ತಿರವೇ. ನಿಜಾಮರ ರೈಲು ವಾಡಿಯಿಂದ ಹೈದರಾಬಾದಿಗೆ ಓಡತೊಡಗಿದ್ದು 1874ರಲ್ಲಿ. ಅಂದಿನಿಂದಲೂ ಈ ಕಡೆಯವರಿಗೆ ದವಾಖಾನೆ, ಕೂಲಿ, ಮದುವೆ ಜವಳಿ ಎಲ್ಲದಕ್ಕೂ ಬೆಂಗಳೂರಿಗಿಂತ ಹೈದರಾಬಾದೇ ಮೊದಲು.

"ಕೆಟಗರಿ ಏನು ಹಾಕಲಿ? 2ಎ ಅದ ಅಲಾ ನಿಮ್ದು?"

ಪರದೆಯ ಮೇಲೆ 2ಎ ಇಲ್ಲ. 2ಎ, 3ಬಿ, ಪ್ರವರ್ಗ-1 ಇವೆಲ್ಲ ನಮ್ಮ ರಾಜ್ಯದೊಳಗಿನ ಲೆಕ್ಕ. ಇಲ್ಲಿರುವುದು ಒಬಿಸಿ-ಎನ್‌ಸಿಎಲ್, ಅಂದರೆ ಕೇಂದ್ರದ ಪಟ್ಟಿಯಲ್ಲಿರುವ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ. ಹುಡುಗಿಯ ಚೀಲದಲ್ಲಿ ಲ್ಯಾಮಿನೇಟ್ ಮಾಡಿಸಿದ ಜಾತಿ-ಆದಾಯ ಪ್ರಮಾಣಪತ್ರ ಇದೆ. ಆರ್‌ಡಿ ನಂಬರು ಅವಳಿಗೆ ಬಾಯಿಪಾಠ. ಆದರೆ ನಾಡಕಚೇರಿ ಕೊಟ್ಟ ಆ ಕಾಗದ ರಾಜ್ಯದ ಸೀಟಿಗೆ, ವಿದ್ಯಾರ್ಥಿವೇತನಕ್ಕೆ. ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶದ ಹೊತ್ತಿಗೆ ಕೇಂದ್ರದ ನಮೂನೆಯದೇ ಬೇರೆ ಪ್ರಮಾಣಪತ್ರ ಬೇಕು, ಅದಕ್ಕೆ ತಹಶೀಲ್ದಾರರ ಸಹಿ ಬೇಕು. ಪ್ರತಿ ವರ್ಷ ಎಷ್ಟೋ ಮಕ್ಕಳು ಎಡವುವುದು ಪರೀಕ್ಷೆಯಲ್ಲಲ್ಲ, ಈ ಹೊಸ್ತಿಲಲ್ಲಿ. ಕಾಕಾ ಒಂದು ಹಳೆ ಬಿಲ್ಲಿನ ಹಿಂದೆ ಬರೆದಿಡುತ್ತಾರೆ: 'ಸೇಡಂ ತಹಶೀಲ್. ಸೆಂಟ್ರಲ್ ಒಬಿಸಿ.' ಕೆಳಗೆ ಎರಡು ಗೆರೆ.

ಈಗ ಪೇಪರಿನ ಆಯ್ಕೆ. ನೂರೈವತ್ತಕ್ಕೂ ಹೆಚ್ಚು ವಿಷಯಗಳ ಉದ್ದನೆಯ ಪಟ್ಟಿ ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸಿಒಕ್ಯೂಪಿ17, ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ. ಹುಡುಗಿ ಬೆರಳಿಟ್ಟು ತೋರಿಸುತ್ತಾಳೆ. 75 ಪ್ರಶ್ನೆ, 90 ನಿಮಿಷ, 300 ಅಂಕ. ಸರಿ ಉತ್ತರಕ್ಕೆ ನಾಲ್ಕು ಸಿಗುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಪರೀಕ್ಷಾ ಕೇಂದ್ರಕ್ಕೆ ಮೊದಲ ಆಯ್ಕೆ ಕಲಬುರಗಿ. ಕಾಕಾ ಭಾಷೆಯ ಅಂಕಣದ ಹತ್ತಿರ ಬಂದು ನಿಲ್ಲುತ್ತಾರೆ.

"ಕನ್ನಡ ಇಲ್ಲಲ್ಲ ಇದ್ರಾಗ."

"ಇಲ್ರೀ. ಇಂಗ್ಲಿಷ್, ಹಿಂದಿ ಎರಡೇ."

"ನಮ್ಮ ಹುಡುಗ ಪಿಯುಸಿ ಆದ ಮ್ಯಾಲ ಬರದಾಗ ಕನ್ನಡ ಇತ್ತಲ್ಲ?"

ಇತ್ತು. ಪದವಿಗೆ ಸೇರುವವರ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಸ್ನಾತಕೋತ್ತರಕ್ಕೆ ಬಂದರೆ ಭಾಷಾ ವಿಷಯಗಳನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹದಿನೆಂಟರ ವಯಸ್ಸಿಗೆ ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾದವಳು ಇಪ್ಪತ್ತೊಂದಕ್ಕೆ ಬರೆಯಬಾರದೇಕೆ ಎಂಬುದಕ್ಕೆ ನನಗಂತೂ ಕಾರಣ ಹೊಳೆಯುವುದಿಲ್ಲ. ಕಡಗಂಚಿಯ ವಿಶ್ವವಿದ್ಯಾಲಯ ಕನ್ನಡ ನೆಲದ ಮೇಲಿದೆ, ಅಲ್ಲಿಂದ ಹೊರಬಂದ ಪತ್ರಕರ್ತರು ಕನ್ನಡ ಪತ್ರಿಕೆ, ಕನ್ನಡ ಚಾನೆಲ್ಲುಗಳಲ್ಲಿ ಕೆಲಸ ಹುಡುಕುತ್ತಾರೆ. ಒಳಗೆ ಹೋಗುವ ದಾರಿಯಲ್ಲಿ ಮಾತ್ರ ಕನ್ನಡ ಸಲ್ಲದು.

"ಇನ್ನೊಂದು ಪೇಪರ್ ಹಾಕು ತಂಗಿ. ಒಂದಾದ್ರೂ ಅಷ್ಟ ರೊಕ್ಕ, ಎರಡಾದ್ರೂ ಅಷ್ಟ." ಇದು ನಿಜ. ಎರಡು ಪೇಪರಿನವರೆಗೆ ಒಂದೇ ಶುಲ್ಕ: ಸಾಮಾನ್ಯ ವರ್ಗಕ್ಕೆ 1,400, ಒಬಿಸಿಗೆ 1,200, ಪರಿಶಿಷ್ಟರಿಗೆ 1,100 ರೂಪಾಯಿ. "ಕನ್ನಡ ಹಾಕಿ ಇಡು. ಎಂಎ ಕನ್ನಡ ಸಿಕ್ರ ಮುಂದ ಬಿ.ಇಡಿ. ಮಾಡ್ಬಹುದು."

ಇದು ಕಾಕಾನ ಸ್ವಂತ ಮಾತಲ್ಲ. ಮಧ್ಯಾಹ್ನ ಅವಳ ಅವ್ವ ಬಂದು ಹೇಳಿಹೋಗಿರುವುದು. ಹುಡುಗಿಗೂ ಅದು ಗೊತ್ತು. ಮಾತಾಡದೆ ತಲೆಯಾಡಿಸುತ್ತಾಳೆ. ಕಾಕಾ ಪಟ್ಟಿಯಲ್ಲಿ ಕನ್ನಡ ಹುಡುಕಿ ಸೇರಿಸುತ್ತಾರೆ.

ಅಷ್ಟರಲ್ಲಿ ಕರೆಂಟ್ ಹೋಗುತ್ತದೆ.

ಯುಪಿಎಸ್ ಕೀಂ ಕೀಂ ಅನ್ನುತ್ತದೆ. ಕಾಕಾ ಗಡಬಡಿಸಿ 'ಸೇವ್' ಒತ್ತಿ ಕಂಪ್ಯೂಟರ್ ಬಂದ್ ಮಾಡುತ್ತಾರೆ. ಫ್ಯಾನಿನ ಗಾಳಿಗೆ ಬಂದವರಿಗೆ ಇನ್ನು ಇಲ್ಲಿ ಕೆಲಸವಿಲ್ಲ, ಎದ್ದು ಹೋಗುತ್ತಾರೆ. ರಸ್ತೆಯಲ್ಲಿ ಸಿಮೆಂಟಿನ ಟ್ಯಾಂಕರ್ ಲಾರಿಯೊಂದು ಹಾದುಹೋಗುವಾಗ ಅದರ ಬೆಳಕು ಅಂಗಡಿಯ ಗೋಡೆ ಸವರಿ, ಧೋತರದ ಮೇಲೆ ಹಾದು, ಹೋಗುತ್ತದೆ. ಹುಡುಗಿ ಫೋನಿನ ಟಾರ್ಚ್ ಹಚ್ಚಿ ಚೀಲದಿಂದ ಗೈಡ್ ತೆಗೆಯುತ್ತಾಳೆ. ನೀವೂ ಬಗ್ಗಿ ನೋಡಿ. ಇಂಗ್ಲಿಷ್ ಗೈಡು, ಕಲಬುರಗಿಯ ಹಳೆ ಪುಸ್ತಕದ ಅಂಗಡಿಯಿಂದ ತಂದದ್ದು. ಹಿಂದಿನ ಯಜಮಾನರು ಅರ್ಧ ಉತ್ತರಗಳಿಗೆ ಪೆನ್ನಿನಿಂದ ಗುರುತು ಹಾಕಿಬಿಟ್ಟಿದ್ದಾರೆ. ಭಾರತೀಯ ಮಾಧ್ಯಮದ ಇತಿಹಾಸ ಎಂಬ ಅಧ್ಯಾಯದಲ್ಲಿ ಒಂದು ಪ್ರಶ್ನೆ: ಸೈಟ್ ಪ್ರಯೋಗ ನಡೆದದ್ದು ಎಷ್ಟು ರಾಜ್ಯಗಳಲ್ಲಿ? ನಾಲ್ಕು, ಐದು, ಆರು, ಎಂಟು. ಆರಕ್ಕೆ ಗುರುತು.

"ಇದಕ್ಕ ಗೈಡ್ ಬ್ಯಾಡ್ರಿ ನನಗ," ಅನ್ನುತ್ತಾಳೆ ಹುಡುಗಿ. "ನಮ್ಮ ಮುತ್ಯಾ ನೋಡ್ಯಾರ ಅದು."

ಫೋನಿನಲ್ಲಿ ವಿಡಿಯೊ ತೆರೆಯುತ್ತಾಳೆ. ಮೂರು ನಿಮಿಷದ್ದು. ಮನೆಯ ಕಟ್ಟೆಯ ಮೇಲೆ ಮುತ್ಯಾ ಕೂತಿದ್ದಾರೆ, ತಲೆಗೆ ಟವೆಲ್ ಸುತ್ತಿದ್ದಾರೆ, ಎಪ್ಪತ್ತರ ಆಸುಪಾಸಿನ ಮುಖ. ಕ್ಯಾಮೆರಾ ಅಲುಗಾಡುವುದಿಲ್ಲ, ನೀರಿನ ಕೊಡದ ಮೇಲೆ ಫೋನ್ ಆನಿಸಿ ತೆಗೆದದ್ದಂತೆ. ಮುತ್ಯಾ ಎರಡು ಕೈ ಅಗಲಿಸಿ ತೋರಿಸುತ್ತಾರೆ: "ಇಷ್ಟ್ ದೊಡ್ಡ ಛತ್ರಿ. ಕೋಳಿ ಗೂಡಿಗಿ ಹಾಕ್ತಾರಲ್ಲ, ಆ ಜಾಳಿಗಿ. ಸಾಲಿ ಮುಂದ ನಿಲ್ಲಿಸಿದ್ರು. ನಮ್ಮೂರಾಗಲ್ಲ, ಬೀಗರ ಊರಾಗ. ಸಂಜಿ ಆದ್ರ ಊರಿಗೂರೇ ಅಲ್ಲಿ. ಕೀಲಿ ಮಾಸ್ತರ ಹತ್ರ. ಮಾಸ್ತರ ಊಟಕ್ಕ ಹೋದ್ರ ನಾವು ಹೋಗಿ ಕರಕೊಂಡು ಬರ್ತಿದ್ವಿ." ಅಲ್ಲಿಂದ ದೃಶ್ಯ ಬದಲಾಗುತ್ತದೆ. ಈಗಿನ ಒಂದು ಶಾಲೆಯ ಅಂಗಳ, ಬರಿಗಂಬ, ಬಿಸಿಲು. ಮುತ್ಯಾನ ದನಿ ಮುಂದುವರಿಯುತ್ತದೆ: "ವರ್ಷ ಆದ ಮ್ಯಾಲ ಬಂದ್ ಆಯ್ತು. ಮ್ಯಾಲಿಂದು ವಾಪಸ್ ಒಯ್ದರಂತ."

ಮೇಲಿನದನ್ನು ವಾಪಸು ಒಯ್ದರು ಅನ್ನುವುದು ಅಕ್ಷರಶಃ ನಿಜ. ಒಯ್ದದ್ದು ಉಪಗ್ರಹವನ್ನು. ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತದ ಕಡೆಗೆ ತಿರುಗಿಸಿ, ಇಸ್ರೊ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಹಳ್ಳಿಗಳಿಗೆ ನೇರವಾಗಿ ಟಿ.ವಿ. ತೋರಿಸಿತು. ಸೈಟ್ ಅನ್ನುವುದು ಅದರ ಹೆಸರು. ಆರು ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬಿಜಾಪುರ, ರಾಯಚೂರು, ಗುಲಬರ್ಗಾ, ಮೂರೂ ಈ ಕಡೆಯ ಜಿಲ್ಲೆಗಳು. ಮೂರು ಮೀಟರ್ ಅಗಲದ ಜಾಳಿಗೆಯ ಆಂಟೆನಾ, ಒಂದು ಟಿ.ವಿ. ಪೆಟ್ಟಿಗೆ, ಸಾರ್ವಜನಿಕ ಜಾಗ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಮನರಂಜನೆ. ಅಂಥದೇ ಒಂದು ಆಂಟೆನಾ ಕೊಲಂಬೊದಲ್ಲಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಇಸ್ರೊದಿಂದ ಹೋಗಿತ್ತು. ಅಂದರೆ ಆ ವರ್ಷ ವೈಜ್ಞಾನಿಕ ಕಾದಂಬರಿಕಾರನೊಬ್ಬನೂ ಕೋಡ್ಲಾದ ಮುತ್ಯಾನ ಬೀಗರೂ ಒಂದೇ ಉಪಗ್ರಹದ ಕೆಳಗೆ ಕೂತು ಟಿ.ವಿ. ನೋಡಿದ್ದಾರೆ.

ಇನ್ನೂ ಒಂದು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ಕ್ಕೆ. 'ಹಿಂದುಳಿದ' ಎಂಬ ವಿಶೇಷಣವಿಲ್ಲದೆ ಈ ಭಾಗದ ಹೆಸರನ್ನೇ ಬರೆಯಲಾಗದ ಪತ್ರಿಕೆಗಳು ಇದನ್ನು ಆಗಾಗ ನೆನಪಿಸಿಕೊಂಡರೆ ಚೆನ್ನ. ಟಿ.ವಿ. ವಿಷಯದಲ್ಲಿ ರಾಜಧಾನಿಯೇ ನಾಲ್ಕು ವರ್ಷ ಹಿಂದಿತ್ತು.

"ಇದು ಎಲ್ಲಿ ಹಾಕೋದು ಫಾರ್ಮ್‌ನಾಗ?" ಕಾಕಾ ಕೇಳುತ್ತಾರೆ. ವಿಡಿಯೊ ಅವರಿಗೆ ಹಿಡಿಸಿದೆ, ಎರಡನೇ ಸಲ ನೋಡುತ್ತಿದ್ದಾರೆ.

"ಎಲ್ಲೂ ಇಲ್ರೀ. ಕೇಳಂಗಿಲ್ಲ ಅವರು."

ಈ ಪರೀಕ್ಷೆ ಕೇಳುವುದು ಸೈಟ್ ಎಷ್ಟು ರಾಜ್ಯಗಳಲ್ಲಿ ನಡೆಯಿತು ಎಂಬುದನ್ನು. ಸೈಟ್ ನೋಡಿದ ಮನುಷ್ಯನನ್ನು ಕೂರಿಸಿ, ಮಾತಾಡಿಸಿ, ಬೆಳಕು ನೋಡಿ, ದನಿ ಕತ್ತರಿಸಿ ಜೋಡಿಸಿ ಮೂರು ನಿಮಿಷಕ್ಕೆ ಇಳಿಸುವುದು ಬರುತ್ತದೆಯೇ ಎಂದು ಕೇಳುವುದಿಲ್ಲ. ಲಕ್ಷಗಟ್ಟಲೆ ಅರ್ಜಿಗಳಿರುವಾಗ ಒಬ್ಬೊಬ್ಬರ ವಿಡಿಯೊ ನೋಡುತ್ತ ಕೂರಲಾದೀತೇ ಎಂದರೆ ಅದೂ ಸರಿಯೇ. ಯಂತ್ರ ತಿದ್ದುವ ಬಹು ಆಯ್ಕೆಯ ಪರೀಕ್ಷೆಗೆ ತನ್ನದೇ ಆದ ನ್ಯಾಯವಿದೆ: ಅದಕ್ಕೆ ಶಿಫಾರಸು ತಾಗುವುದಿಲ್ಲ, ಕೋಡ್ಲಾದ ಹುಡುಗಿಗೂ ಕೋರಮಂಗಲದ ಹುಡುಗನಿಗೂ ಅದೇ 75 ಪ್ರಶ್ನೆ. ಆದರೆ ಮಾಡಿ ಕಲಿಯುವ ವಿದ್ಯೆಯೊಂದಕ್ಕೆ ಮಾಡಿದ್ದನ್ನು ನೋಡದೆ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಈಜು ಬಲ್ಲವರನ್ನು ನೀರಿನ ಮೇಲೆ ಪ್ರಶ್ನೆ ಕೇಳಿ ಆರಿಸಿದ ಹಾಗೆ.

ಮಾಡಿದ್ದನ್ನು ನೋಡುವವರೂ ಇದ್ದಾರೆ. ಕರೆಂಟ್ ಬರುವ ತನಕ ಹುಡುಗಿ ಆ ಕಥೆಯನ್ನೂ ಹೇಳುತ್ತಾಳೆ. ದೊಡ್ಡಪ್ಪನ ಮಗ ಅಣ್ಣ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ವಿಡಿಯೊ ನೋಡಿ ಅವನು ಅಂದದ್ದು, "ಜರ್ಮನಿಗೆ ಹಾಕು." ಅಲ್ಲಿನ ಬ್ರೆಮೆನ್ ವಿಶ್ವವಿದ್ಯಾಲಯ ಮತ್ತು ಅದೇ ಊರಿನ ಕಲಾ ವಿಶ್ವವಿದ್ಯಾಲಯ ಸೇರಿ ನಡೆಸುವ ಸ್ನಾತಕೋತ್ತರ ಕೋರ್ಸಿನ ಹೆಸರೇ ಡಿಜಿಟಲ್ ಮೀಡಿಯಾ. ಪಾಠ ಇಂಗ್ಲಿಷಿನಲ್ಲಿ. ಕಲೆಯ ಕಡೆಯಿಂದ ಬರುವವರು ತಾವು ಮಾಡಿದ ಕೆಲಸವನ್ನು ಕಳಿಸಿ ತೋರಿಸಬೇಕು. ಹುಡುಗಿ ಆ ಪುಟವನ್ನು ಫೋನಿನಲ್ಲಿ ಉಳಿಸಿಕೊಂಡಿದ್ದಾಳೆ. ಮುತ್ಯಾನ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಹಾಕಿ ನೋಡಿದ್ದಾಳೆ, ಕನ್ನಡದಲ್ಲೂ ಹಾಕಿದ್ದಾಳೆ. ಕನ್ನಡದ್ದನ್ನು ಕಾಕಾನ ಕಂಪ್ಯೂಟರಿನಲ್ಲೇ ನುಡಿಯಲ್ಲಿ ಟೈಪ್ ಮಾಡಿ ಫೋನಿಗೆ ಹಾಕಿದಾಗ ಅಕ್ಷರಗಳೆಲ್ಲ ಚಿಲ್ಲಾಪಿಲ್ಲಿ. ನುಡಿಯ ಹಳೆ ಫಾಂಟಿನದು ಒಂದು ಲೆಕ್ಕ, ಫೋನಿನ ಯೂನಿಕೋಡಿನದು ಇನ್ನೊಂದು. ಊರಿನ ಫ್ಲೆಕ್ಸು, ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ ಎಲ್ಲವನ್ನೂ ಹಳೆ ಫಾಂಟಿನಲ್ಲೇ ಮಾಡುತ್ತ ಬಂದ ಕಾಕಾ ಅಂದು ಮೊದಲ ಬಾರಿಗೆ ಯೂನಿಕೋಡ್ ಹಾಕಿಸಿಕೊಂಡರು. ಹುಡುಗಿಯೇ ಕೂತು ಹಾಕಿಕೊಟ್ಟಳು. ಇಂಥ ಕೆಲಸಕ್ಕೂ ಫಾರ್ಮಿನಲ್ಲಿ ಅಂಕಣವಿಲ್ಲ, ಬಿಡಿ.

ಕರೆಂಟ್ ಬರುವ ಲಕ್ಷಣವಿಲ್ಲ. ಕಾಕಾ ಷಟರ್ ಎಳೆಯುತ್ತಾರೆ. "ನಾಳೆ ಮುಂಜಾನಿ ಎಂಟಕ್ಕ ಬಾ. ರೊಕ್ಕ ತಗೊಂಡು ಬಾ."

ಅವಳ ಹಿಂದೆಯೇ ನಡೆಯಿರಿ. ಓಣಿಯ ಎರಡೂ ಬದಿ ಶಹಾಬಾದ್ ಕಲ್ಲಿನ ಗೋಡೆ. ಹಗಲೆಲ್ಲ ಕಾದ ಕಲ್ಲು ಈಗಲೂ ಬೆಚ್ಚಗಿದೆ. ಮನೆ ಮುಂದೆ ತೊಗರಿ ಚೀಲಗಳು, ರಾಶಿಯಿಂದ ಈಗಷ್ಟೇ ಬಂದವು. ಅಪ್ಪ ಮೈಮೇಲಿನ ಹೊಟ್ಟು ಕೊಡವುತ್ತಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು. ಊಟಕ್ಕೆ ಕೂತಾಗ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಪ್ಪ ಎರಡು ರೊಟ್ಟಿ ಮುಗಿಯುವ ತನಕ ಏನೂ ಕೇಳುವುದಿಲ್ಲ.

"ಆ ಜರ್ಮನಿದು ಎಷ್ಟಾಗ್ತದ ಅಂದಿ?"

ಹುಡುಗಿ ತಟ್ಟೆ ನೋಡುತ್ತ ಹೇಳುತ್ತಾಳೆ. ಓದಿಗೆ ಶುಲ್ಕ ಹೆಚ್ಚಿಲ್ಲ, ಸರಕಾರಿ ವಿಶ್ವವಿದ್ಯಾಲಯ. ಆದರೆ ಅರ್ಜಿಗೂ ಮೊದಲೇ ಇಲ್ಲಿನ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೇ 18,000 ರೂಪಾಯಿ. ವೀಸಾ ಬೇಕೆಂದರೆ ಒಂದು ವರ್ಷದ ಖರ್ಚು 11,904 ಯೂರೊ ಅಲ್ಲಿನ ಖಾತೆಯಲ್ಲಿ ಮೊದಲೇ ಇಟ್ಟು ತೋರಿಸಬೇಕು.

"ನಮ್ಮ ರೊಕ್ಕದಾಗ ಹೇಳು."

"ಹತ್ತು ಲಕ್ಷದ ಮ್ಯಾಲ ಆಗ್ತದಪ್ಪಾ. ಹತ್ತೂವರಿ, ಪೌಣೆ ಹನ್ನೊಂದು."

ಅಪ್ಪ ತಲೆಯಲ್ಲೇ ಲೆಕ್ಕ ಹಾಕುತ್ತಾರೆ. ತೊಗರಿಗೆ ಈ ವರ್ಷ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550. ರಾಜ್ಯ 450 ಸೇರಿಸಿ 8,000 ಮಾಡಿದೆ. ಅದೇ ದರ ಸಿಕ್ಕಿತು ಅಂದುಕೊಂಡರೂ ನೂರ ಮೂವತ್ತು ಕ್ವಿಂಟಲ್ ದಾಟಬೇಕು. ಇರುವುದು ನಾಲ್ಕು ಎಕರೆ. ಮಳೆ ಚೊಲೊ ಆದ ವರ್ಷ ಎಕರೆಗೆ ನಾಲ್ಕೈದು ಕ್ವಿಂಟಲ್. ಲೆಕ್ಕ ಮುಗಿಯುವುದು ಅವರ ಮುಖದ ಮೇಲೆ ಗೊತ್ತಾಗುತ್ತದೆ, ಬಾಯಿಂದ ಏನೂ ಬರುವುದಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾರೆ.

"ಈಗಿಂದು ಎಷ್ಟು?"

"ಸಾವಿರದ ಇನ್ನೂರು."

"ಒಯ್ಯಿ."

ಅವ್ವ ಒಲೆಯ ಮುಂದಿನಿಂದ ಕೇಳುತ್ತಾಳೆ: "ಕನ್ನಡ ಹಾಕಿದೇನು?"

"ಹಾಕೀನವ್ವಾ."

ಕಟ್ಟೆಯ ಮೇಲಿಂದ ಮುತ್ಯಾ ಕೇಳುವುದು ಬೇರೆ: "ನಂದು ಎಲ್ಲಿತನಕ ಹೋತು? ದಿಲ್ಲಿ ಮುಟ್ಟಿತೇನು?" ತಮ್ಮ ವಿಡಿಯೊ ಅರ್ಜಿಯ ಜೊತೆ ಹೋಗುತ್ತದೆ ಎಂದೇ ಅವರು ನಂಬಿದ್ದಾರೆ. ಹುಡುಗಿ ಉತ್ತರ ಹುಡುಕುತ್ತಿರುವಾಗ ಮುತ್ಯಾ ಮುಂದಕ್ಕೆ ಹೋಗಿಬಿಟ್ಟಿರುತ್ತಾರೆ. ಛತ್ರಿಯ ಕಂಬಕ್ಕೆ ಯಾರದೋ ಎಮ್ಮೆ ಕಟ್ಟಿ, ಅದು ಎಳೆದಾಡಿ, ಚಿತ್ರವೆಲ್ಲ ಹೋಗಿ, ಮಾಸ್ತರರು ಊರಿನವರಿಗೆ ಬೈದದ್ದನ್ನು ಹೇಳಲು ಮರೆತಿದ್ದರಂತೆ, ಅದನ್ನೂ ಸೇರಿಸಬೇಕು. ಹುಡುಗಿ ಫೋನ್ ತೆಗೆದು ರೆಕಾರ್ಡ್ ಒತ್ತುತ್ತಾಳೆ. ಬೆಳಕು ಸಾಲದು. ದನಿ ಸಾಕು ಅನ್ನುತ್ತಾಳೆ.

ಶನಿವಾರ ಬೆಳಿಗ್ಗೆ ಕರೆಂಟ್ ಇದೆ. ರಸ್ತೆಯ ತುಂಬ ಜೀಪು, ಟಂಟಂ. ಸೇಡಂ ಹತ್ತಿರ ಭಾರತೀಯ ಸಂಸ್ಕೃತಿ ಉತ್ಸವ ನಡೆದಿದೆ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದ ಹೆಂಗಸರು ಬಾಗಿಲಿಗೆ ಜೋತುಬಿದ್ದಿದ್ದಾರೆ. ಅಂಗಡಿಯಲ್ಲಿ ನಿನ್ನೆಯ ಪಾಸ್‌ಬುಕ್ಕಿನ ರೈತ ಮೊದಲೇ ಬಂದು ಕೂತಿದ್ದಾರೆ. ಇವತ್ತು ಅವರು, "ಮೊದಲು ಆ ಹುಡುಗಿದು ಮುಗಸ್ರಿ, ಲಾಸ್ಟ್ ಡೇಟ್ ಅದ," ಅನ್ನುತ್ತಾರೆ.

ಮೊದಲ ಸಲ ಪಾವತಿ ನೆಟ್‌ವರ್ಕ್ ಇಲ್ಲದೆ ಅರ್ಧಕ್ಕೆ ನಿಲ್ಲುತ್ತದೆ. ಕಾಕಾ ಫೋನ್ ಹಿಡಿದು ಅಂಗಡಿಯಿಂದ ಹೊರಗೆ, ರಸ್ತೆಯ ನಡುವಿನವರೆಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ಟಂಟಂನವನು ಹಾರ್ನ್ ಹೊಡೆಯುತ್ತಾನೆ; ಕಾಕಾ ಒಂದು ಕೈ ಎತ್ತಿ ತಡೆದು ಪಿನ್ ಒತ್ತಿಯೇ ಈಚೆ ಬರುತ್ತಾರೆ. ಪರದೆಯ ಮೇಲೆ ಅರ್ಜಿ ಸಂಖ್ಯೆ ಮೂಡುತ್ತದೆ. ಪ್ರಿಂಟರ್ ಕರಕರ ಅನ್ನುತ್ತ ಎರಡು ಪ್ರತಿ ಉಗುಳುತ್ತದೆ.

"ಆಯ್ತಲ್ರೀ ಕಾಕಾ?"

"ಎಲ್ಲಿ ಆಗ್ತದ? ಇದು ಬರೀ ಪರೀಕ್ಷಾಕ್ಕ." ಕಾಕಾ ನಿನ್ನೆಯ ಬಿಲ್ಲನ್ನು ಹುಡುಕಿ ತೆಗೆದು ಅದರ ಹಿಂದೆ ಬರೆಯುತ್ತ ಹೋಗುತ್ತಾರೆ. ಮಾರ್ಚ್ 13ರಿಂದ ಪರೀಕ್ಷೆ. ಫಲಿತಾಂಶ ಬಂದ ಮೇಲೆ ಕಡಗಂಚಿಯದು ಬೇರೆ ಅರ್ಜಿ, ಹೈದರಾಬಾದಿನದು ಬೇರೆ ಅರ್ಜಿ. ಒಂದೊಂದು ವಿಶ್ವವಿದ್ಯಾಲಯದ ಪೋರ್ಟಲಿನಲ್ಲೂ ಮತ್ತೆ ನೋಂದಾಯಿಸಿ, ಮತ್ತೆ ಶುಲ್ಕ ಕಟ್ಟಬೇಕು. ಅಂಕ ಬಂದರೆ ಸೀಟು ತಾನೇ ಮನೆಗೆ ಬರುತ್ತದೆ ಎಂದು ಕೂತು ವರ್ಷ ಕಳೆದುಕೊಂಡವರನ್ನು ಕಾಕಾ ನೋಡಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯದ್ದು ಇವೆರಡೂ ಅಲ್ಲ, ರಾಜ್ಯದ ಯುಯುಸಿಎಂಎಸ್ ಪೋರ್ಟಲಿನಲ್ಲಿ. ಅಲ್ಲಿ 371ಜೆ ಉಪಯೋಗಕ್ಕೆ ಬರುತ್ತದೆ: ಸಂವಿಧಾನಕ್ಕೆ ಆ ಕಲಮು ಸೇರಿ 2013ರಲ್ಲಿ ಆದೇಶವಾದಂದಿನಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ನೂರಕ್ಕೆ 8.

"371ಜೆ ಸರ್ಟಿಫಿಕೇಟ್ ಅದ ಏನು?"

"ಅದರೀ, ಡಿಗ್ರಿಗಿ ಸೇರುವಾಗೇ ಮಾಡ್ಸೀನಿ."

"ಸೆಂಟ್ರಲ್ ಒಬಿಸಿ?"

"ಸೋಮವಾರ ಸೇಡಂಗ ಹೋಗ್ತೀನಿ."

ಬಿಲ್ಲಿನ ಹಿಂದೆ ಜಾಗ ಮುಗಿದಿದೆ. ಹುಡುಗಿ ಅದನ್ನು ಮಡಚಿ ಗೈಡಿನ ನಡುವೆ ಇಡುತ್ತಾಳೆ.

"ನಿಮ್ದು ಎಷ್ಟಾಯ್ತ್ರಿ?"

"ಫಾರ್ಮಿಗಿ ನೂರು, ಪ್ರಿಂಟಿಗಿ ಹತ್ತು." ಕಾಕಾ ಆಗಲೇ ಪಾಸ್‌ಬುಕ್ಕಿನ ರೈತನ ಕಡೆ ಕೈ ಚಾಚಿದ್ದಾರೆ. "ಫೋಟೊದ್ದು ಬಿಡು. ರಿಸಲ್ಟ್ ಬಂದ ಮ್ಯಾಲ ಮತ್ತ ಬರ್ತೀಯಲ್ಲ, ಆವಾಗ ಮತ್ತ ನೂರು."